ಅಪ್ಪನ 2011ರ ವ್ಯಾಗನ್ ಆರ್: ರಿಪೇರಿ ಮಾಡಿಸಬೇಕಾ, ಬದಲಾಯಿಸಬೇಕಾ?

ಗಿರಿನಗರದ ಮಗಳು

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಕೆಲವು ದಿನಗಳಿಂದ ಇದೇ ಚರ್ಚೆ, ತೀರ್ಮಾನಕ್ಕೆ ಬರಲು ಆಗುತ್ತಿಲ್ಲ. ಅಪ್ಪ ರಿಟೈರ್ ಆದಾಗ ಬಂದ ದುಡ್ಡಿಗೆ ಬ್ಯಾಂಕ್ ಸಾಲ ಸೇರಿಸಿ ತೆಗೆದುಕೊಂಡ ಪೆಟ್ರೋಲ್ ವ್ಯಾಗನ್ ಆರ್ ನಮ್ಮದು. 2011ರ ಗಾಡಿ, ಕೆಎ 05 ನಂಬರ್. ಆರ್‌ಸಿಯ 15 ವರ್ಷ ಮುಗಿಯುತ್ತಾ ಬಂದಿದೆ. ಅದೇ ಹೊತ್ತಿಗೆ ಗಾಡಿಯೂ ಒಂದೊಂದೇ ತೊಂದರೆ ಕೊಡುತ್ತಿದೆ. ಕ್ಲಚ್ ತುಂಬಾ ಗಟ್ಟಿಯಾಗಿದೆ. ಹಂಪ್ ಮೇಲೆ ಹೋದರೆ ಮುಂದಿನ ಎಡಗಡೆಯಿಂದ ಟಕ್ ಟಕ್ ಅನ್ನುತ್ತದೆ. ಎಸಿಗೆ ಗ್ಯಾಸ್ ತುಂಬಿಸಿದರೆ ಸ್ವಲ್ಪ ದಿನ ತಣ್ಣಗೆ, ಆಮೇಲೆ ಬರೀ ಗಾಳಿ.

ಗ್ಯಾರೇಜಿನಲ್ಲಿ ಕ್ಲಚ್ ಸೆಟ್, ಸಸ್ಪೆನ್ಶನ್ ಕೆಲಸ, ಎಸಿ ಕೂಲಿಂಗ್ ಕಾಯಿಲ್, ನಾಲ್ಕು ಟೈರ್, ಮೇಲೆ ಒಂದಷ್ಟು ಟಿಂಕರಿಂಗ್ ಮತ್ತು ಪೇಂಟಿಂಗ್ ಸೇರಿ 70 ಸಾವಿರದ ಹತ್ತಿರ ಎಸ್ಟಿಮೇಟ್ ಕೊಟ್ಟಿದ್ದಾರೆ. ಗಾಡಿ ಮಾರಿದರೆ ಒಂದು ಲಕ್ಷ ಸಿಕ್ಕರೆ ಜಾಸ್ತಿ. "ಲಕ್ಷದ ಗಾಡಿಗೆ ಮುಕ್ಕಾಲು ಲಕ್ಷ ಯಾರಾದರೂ ಸುರಿಯುತ್ತಾರಾ?" ಅನ್ನುವುದು ಅಣ್ಣನ ಮಾತು. "ಇಂಜಿನ್ ಗಟ್ಟಿಯಾಗಿದೆ, ಸುಮ್ನೆ ಯಾಕೆ ಬಿಸಾಕಬೇಕು?" ಅನ್ನುವುದು ಅಪ್ಪನ ಮಾತು.

ಓಡಾಟ ಹೀಗಿದೆ. ಅಪ್ಪ, ಅಮ್ಮ ವಾರದಲ್ಲಿ ಎರಡು ಮೂರು ಸಲ ಗಾಂಧಿ ಬಜಾರ್, ಬನಶಂಕರಿ ದೇವಸ್ಥಾನ, ಜಯನಗರದಲ್ಲಿ ಡಾಕ್ಟರ್ ಹತ್ತಿರ ಹೋಗುತ್ತಾರೆ. ವರ್ಷಕ್ಕೆ ಕೆಲವು ಸಲ ಹಾಸನದ ಹತ್ತಿರ ನಮ್ಮ ಊರಿಗೆ. ನಾನು ಆಫೀಸಿಗೆ ಹಳದಿ ಲೈನ್ ಮೆಟ್ರೋದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತೇನೆ, ಕಾರು ಬೇಕಾಗುವುದಿಲ್ಲ. ಅಪ್ಪನಿಗೆ 74 ವರ್ಷ, ಎಡಮಂಡಿ ನೋವಿದೆ. ತಿಳಿದವರು ದಯವಿಟ್ಟು ಹೇಳಿ.

ಜೆ.ಪಿ. ನಗರ ನಿವಾಸಿ

ಮೇಡಂ, ಮಾರಿಬಿಡಿ. 15 ವರ್ಷ ಆದ ಪೆಟ್ರೋಲ್ ಗಾಡಿಯನ್ನು ರಸ್ತೆಗೆ ಇಳಿಸುವ ಹಾಗೇ ಇಲ್ಲ ಅಲ್ವಾ? ಇದರ ಮೇಲೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ, ಸೆಸ್ಸೂ ಹೋಗಿದೆ. ನಾಲ್ಕು ಮೀಟರ್ ಒಳಗಿನ ಗಾಡಿ, 1200 ಸಿಸಿ ಒಳಗಿನ ಪೆಟ್ರೋಲ್ ಇಂಜಿನ್ ಆದರೆ ಸಾಕು. ನಿಮಗೆ ಬೇಕಾದ ಗಾಡಿಗಳೆಲ್ಲ ಅದರೊಳಗೇ ಬರುತ್ತವೆ.

ವಿಜಯನಗರದಿಂದ

ಸರ್, ಅದು ದೆಹಲಿಯ ನಿಯಮ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಎನ್ನುವ ಮಾತು ಬಂದದ್ದು ಅಲ್ಲಿನ ವಾಯುಮಾಲಿನ್ಯದಿಂದ. ಬೆಂಗಳೂರಿನಲ್ಲಿ ಬರೀ ವಯಸ್ಸು ಆಯ್ತು ಅಂತ ಗಾಡಿ ನಿಲ್ಲಿಸಬೇಕಾಗಿಲ್ಲ. ಆರ್‌ಟಿಒದಲ್ಲಿ ಗಾಡಿ ತೋರಿಸಿ ಪಾಸ್ ಆದರೆ ಆರ್‌ಸಿ ಇನ್ನೂ 5 ವರ್ಷಕ್ಕೆ ಸಿಗುತ್ತದೆ. ಆಮೇಲೆ ಮತ್ತೆ 5 ವರ್ಷ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟು ಜನ ಒಳ್ಳೆ ಗಾಡಿಯನ್ನು ಸಿಕ್ಕಿದ ಬೆಲೆಗೆ ಕೊಟ್ಟಿದ್ದಾರೆ ಅಂತ ನೆನೆದರೆ ಬೇಜಾರಾಗುತ್ತದೆ.

ಶುಲ್ಕ ಮಾತ್ರ ಏರಿದೆ. ಮೊದಲು 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ ಕಾರಿಗೆ 5,000 ಆಯ್ತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ನಿಮ್ಮದಕ್ಕೆ 5,000. ಇದರ ಜೊತೆ ಹಸಿರು ತೆರಿಗೆ ಕಟ್ಟಬೇಕು. ಮುಗಿಯುವ ದಿನಕ್ಕೆ 60 ದಿನ ಮುಂಚಿನಿಂದಲೇ ಫಾರ್ಮ್ 25ರಲ್ಲಿ ಅರ್ಜಿ ಹಾಕಬಹುದು. ತಡ ಮಾಡಿದರೆ ತಿಂಗಳಿಗೆ 500 ರೂಪಾಯಿ ದಂಡ ಏರುತ್ತಾ ಹೋಗುತ್ತದೆ.

ಅದಕ್ಕೂ ಮೊದಲು ಆರ್‌ಸಿ ತೆಗೆದು ಒಂದು ವಿಷಯ ನೋಡಿ. ಬ್ಯಾಂಕ್ ಹೆಸರು ಇನ್ನೂ ಅದರಲ್ಲಿದೆಯಾ? ಸಾಲ ಯಾವತ್ತೋ ತೀರಿರುತ್ತದೆ, ಎಚ್‌ಪಿ, ಅಂದರೆ ಗಾಡಿಯ ಮೇಲೆ ಬ್ಯಾಂಕಿನ ಸಾಲ ಇದೆ ಅನ್ನುವ ನಮೂದು, ತೆಗೆಸಿರುವುದಿಲ್ಲ. ಇದ್ದರೆ ಬ್ಯಾಂಕಿನಿಂದ ಎನ್‌ಒಸಿ (ಸಾಲ ಬಾಕಿ ಇಲ್ಲ ಅನ್ನುವ ಪತ್ರ) ಮತ್ತು ಫಾರ್ಮ್ 35 ತನ್ನಿ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್, ಇನ್ಶೂರೆನ್ಸ್, ಎಮಿಷನ್ ಎಲ್ಲ ಚಾಲ್ತಿಯಲ್ಲಿರಬೇಕು. ಟ್ರಾಫಿಕ್ ಫೈನ್ ಬಾಕಿ ಇದ್ದರೆ ಕಟ್ಟಿಬಿಡಿ. ಗಾಡಿ ತೋರಿಸಲು ಹೋಗುವ ಹಿಂದಿನ ದಿನ ಹೆಡ್‌ಲೈಟ್, ಇಂಡಿಕೇಟರ್, ಬ್ರೇಕ್ ಲೈಟ್, ಹಾರ್ನ್, ವೈಪರ್ ಒಂದು ಸಲ ನೋಡಿಕೊಳ್ಳಿ. ಚಾಸಿ ನಂಬರ್ ಇರುವ ಜಾಗವನ್ನು ಒರೆಸಿ ಇಡಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ನಂಬರಿನ ಅಚ್ಚು ತೆಗೆಯಲು ಸುಲಭ.

ಯಲಹಂಕದ ಲೆಕ್ಕ

ನಿಮ್ಮ ಅಣ್ಣನ ಲೆಕ್ಕ ಕೇಳಲು ಸರಿ ಅನ್ನಿಸುತ್ತದೆ, ಆದರೆ ಅಳತೆಗೋಲೇ ಬೇರೆ ಆಗಬೇಕು. ರಿಪೇರಿ ಖರ್ಚನ್ನು ಗಾಡಿಯ ಮಾರುಕಟ್ಟೆ ಬೆಲೆ ಜೊತೆ ಹೋಲಿಸಬೇಡಿ. ನೀವು ಮಾರುತ್ತಿಲ್ಲವಲ್ಲ, ಓಡಿಸುತ್ತೀರಿ. ಆ ಗಾಡಿ ಮಾಡುವ ಕೆಲಸವನ್ನು ಇನ್ನೊಂದು ಗಾಡಿಯಿಂದ ಮಾಡಿಸಲು ವರ್ಷಕ್ಕೆ ಎಷ್ಟಾಗುತ್ತದೆ, ಅದರ ಜೊತೆ ಹೋಲಿಸಿ.

ಷೋರೂಂ ಬೆಲೆ 6 ಲಕ್ಷದ ಒಂದು ಗಾಡಿ ಅಂದುಕೊಳ್ಳಿ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಲೈಫ್ ಟ್ಯಾಕ್ಸ್ 14 ಪರ್ಸೆಂಟ್, ಆ ಟ್ಯಾಕ್ಸ್ ಮೇಲೆ 11 ಪರ್ಸೆಂಟ್ ಸೆಸ್. ಅಂದರೆ 93 ಸಾವಿರ ಚಿಲ್ಲರೆ. ಗಾಡಿ ಮನೆಗೆ ಬರುವ ಮೊದಲೇ ಹೋದ ದುಡ್ಡು ಇದು. ನಿಮ್ಮ ಇಡೀ ರಿಪೇರಿ ಎಸ್ಟಿಮೇಟ್‌ಗಿಂತ ಜಾಸ್ತಿ. 5 ಲಕ್ಷ ಸಾಲ ಮಾಡಿ 9 ಪರ್ಸೆಂಟ್ ಬಡ್ಡಿಗೆ 5 ವರ್ಷ ಕಟ್ಟಿದರೆ ಇಎಂಐ ಸುಮಾರು 10,400 ಬರುತ್ತದೆ. ಬಡ್ಡಿಯೇ ಒಂದು ಲಕ್ಷದ 23 ಸಾವಿರದ ಹತ್ತಿರ. ಇನ್ನು ಬೆಲೆ ಇಳಿಕೆ. ಇನ್ಶೂರೆನ್ಸ್‌ನವರ ಪಟ್ಟಿಯಲ್ಲಿ ನಾಲ್ಕು ವರ್ಷ ದಾಟಿದ ಗಾಡಿಯ ಬೆಲೆ ಅರ್ಧಕ್ಕೆ ಬರುತ್ತದೆ. 5 ವರ್ಷಕ್ಕೆ 3 ಲಕ್ಷ ಕರಗಿತು ಅಂದರೆ ವರ್ಷಕ್ಕೆ 60 ಸಾವಿರ. ಇದಕ್ಕೆ ಬಡ್ಡಿ, ಟ್ಯಾಕ್ಸ್ ಸೇರಿಸಿದರೆ ವರ್ಷಕ್ಕೆ ಲಕ್ಷ ದಾಟುತ್ತದೆ. ಪೆಟ್ರೋಲ್, ಸರ್ವಿಸ್, ಇನ್ಶೂರೆನ್ಸ್ ಇನ್ನೂ ಸೇರಿಸಿಲ್ಲ.

ಹಳೆಯ ಗಾಡಿಗೆ ಈಗ 70 ಸಾವಿರ ಹಾಕಿ, ಮುಂದೆ ವರ್ಷಕ್ಕೆ 25 ಸಾವಿರ ರಿಪೇರಿ ಅಂತ ಧಾರಾಳವಾಗಿ ಇಟ್ಟುಕೊಂಡರೂ 5 ವರ್ಷಕ್ಕೆ 2 ಲಕ್ಷ ದಾಟುವುದಿಲ್ಲ. ದುಡ್ಡಿನ ಮಾತಾದರೆ ರಿಪೇರಿ ಗೆಲ್ಲುತ್ತದೆ, ಅದರಲ್ಲಿ ಅನುಮಾನ ಬೇಡ. ದುಡ್ಡಲ್ಲದ ಕಾರಣ ಇದ್ದರೆ ಬದಲಾಯಿಸಿ.

ಮಲ್ಲೇಶ್ವರದ ಅಮ್ಮ

ದುಡ್ಡಲ್ಲದ ಕಾರಣ ನಾನು ಹೇಳುತ್ತೇನೆ. ನಿಮ್ಮ ಗಾಡಿಯಲ್ಲಿ ಏರ್‌ಬ್ಯಾಗ್ ಇದೆಯಾ? ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದ ಹಾಗೆ ತಡೆಯುವ ಎಬಿಎಸ್ ಇದೆಯಾ? ನಮ್ಮ ದೇಶದಲ್ಲಿ ಕಾರಿಗೆ ಎಬಿಎಸ್ ಕಡ್ಡಾಯ ಆದದ್ದು 2019ರ ಏಪ್ರಿಲ್‌ನಲ್ಲಿ. ಚಾಲಕನ ಏರ್‌ಬ್ಯಾಗ್ ಅದೇ ವರ್ಷ ಜುಲೈನಲ್ಲಿ. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಕಾರುಗಳಿಗೂ ಬಂದದ್ದು 2022ರಿಂದ. 2011ರ ಸಣ್ಣ ಕಾರಿನ ಕೆಳಗಿನ ಮಾಡೆಲ್‌ನಲ್ಲಿ ಇವು ಯಾವುದೂ ಇರುತ್ತಿರಲಿಲ್ಲ.

ಗಾಂಧಿ ಬಜಾರಿಗೆ ಹೋಗುವಾಗ ಗಾಡಿ 30 ದಾಟುವುದಿಲ್ಲ, ಒಪ್ಪಿದೆ. ಆದರೆ ಹಾಸನ ರಸ್ತೆಯಲ್ಲಿ ನೆಲಮಂಗಲ ದಾಟಿದ ಮೇಲೆ ಎಲ್ಲರೂ ನೂರರಲ್ಲಿ ಹೋಗುತ್ತಾರೆ. ಲಾರಿ, ಬಸ್ಸುಗಳ ನಡುವೆ 74 ವರ್ಷದವರು, ಏರ್‌ಬ್ಯಾಗ್ ಇಲ್ಲದ ಗಾಡಿ. ಯಲಹಂಕದವರು ಹಾಕಿದ ಲೆಕ್ಕದಲ್ಲಿ ಇದಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ. ಹೊಸದೇ ಬೇಡ ಅಂದರೆ 2022ರ ಮೇಲಿನ ಒಳ್ಳೆ ಸೆಕೆಂಡ್ ಹ್ಯಾಂಡ್ ಗಾಡಿ ನೋಡಿ. ಎರಡು ಏರ್‌ಬ್ಯಾಗ್ ಅಂತೂ ಇದ್ದೇ ಇರುತ್ತವೆ, ಮೊದಲ ವರ್ಷಗಳ ಬೆಲೆ ಇಳಿಕೆಯೂ ಬೇರೆಯವರ ತಲೆಗೆ ಹೋಗಿರುತ್ತದೆ.

ಗಿರಿನಗರದ ಮಗಳು

ಅಕ್ಕ, ನೀವು ಹೇಳಿದ್ದು ಮನಸ್ಸಿಗೆ ತಟ್ಟಿತು. ನಮ್ಮ ಗಾಡಿಯಲ್ಲಿ ಎರಡೂ ಇಲ್ಲ. ವಿಜಯನಗರದವರೇ, ಆರ್‌ಸಿ ನೋಡಿದೆ. ಬ್ಯಾಂಕಿನ ಹೆಸರು ಹಾಗೇ ಇದೆ! ಅಪ್ಪ ಸಾಲ ತೀರಿಸಿ ಹತ್ತು ವರ್ಷದ ಮೇಲಾಯ್ತು. ನಾಳೆಯೇ ಬ್ಯಾಂಕಿಗೆ ಹೋಗುತ್ತೇನೆ.

ಕೆಂಗೇರಿ ಗ್ಯಾರೇಜ್

ನಾನು ಇದೇ ಕೆಲಸದಲ್ಲಿರುವವನು. ಅಮ್ಮಾ, ನಿಮ್ಮ ಎಸ್ಟಿಮೇಟ್‌ನಲ್ಲಿ ಇರುವುದೆಲ್ಲ ಸವೆಯುವ ಸಾಮಾನು. ಕ್ಲಚ್, ಬುಷ್, ಶಾಕ್ ಅಬ್ಸಾರ್ಬರ್, ಟೈರ್ ಇವು ಬೆಂಗಳೂರಿನ ಟ್ರಾಫಿಕ್ಕು, ಗುಂಡಿಗಳಿಗೆ ಸವೆಯಲೇಬೇಕು. ಹೊಸ ಗಾಡಿ ತೆಗೆದುಕೊಂಡರೂ ಒಂದು ದಿನ ಅದಕ್ಕೂ ಹಾಕಿಸುತ್ತೀರಿ. ಇವನ್ನು ನೋಡಿ ಗಾಡಿ ಮುಗಿಯಿತು ಅನ್ನಬಾರದು. ಗಾಡಿಯ ಆಯಸ್ಸು ಹೇಳುವುದು ಎರಡೇ. ಒಂದು ಇಂಜಿನ್ನು, ಇನ್ನೊಂದು ಬಾಡಿಯ ಕೆಳಭಾಗ. ದುಡ್ಡು ಹಾಕುವ ಮೊದಲು ಈ ಎರಡನ್ನು ನೋಡಿಸಿ.

ಇಂಜಿನ್‌ಗೆ ಕಂಪ್ರೆಶನ್ ಟೆಸ್ಟ್ ಮಾಡಿಸಿ. ನಿಮ್ಮದು ಮೂರು ಸಿಲಿಂಡರಿನ ಕೆ10 ಇಂಜಿನ್. ಸ್ಪಾರ್ಕ್ ಪ್ಲಗ್ ತೆಗೆದು, ಆ ಜಾಗಕ್ಕೆ ಗೇಜ್ ಹಾಕಿ ಸೆಲ್ಫ್ ಹೊಡೆಯುತ್ತಾರೆ. ಮೂರರಲ್ಲೂ ಹತ್ತಿರ ಹತ್ತಿರ ಒಂದೇ ಪ್ರೆಶರ್ ಬಂದರೆ ಒಳಗೆ ಚೆನ್ನಾಗಿದೆ ಅಂತ. ಒಂದರಲ್ಲಿ ಮಾತ್ರ ಕುಸಿದಿದ್ದರೆ ಯೋಚನೆ ಮಾಡಬೇಕು. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಸೈಲೆನ್ಸರ್ ಹಿಂದೆ ನಿಂತು ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದೆ ಬಂದು, ರೇಡಿಯೇಟರ್ ನೀರೂ ಕಡಿಮೆ ಆಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಆಯಿಲ್ ಕ್ಯಾಪ್ ತೆಗೆದಾಗ ಒಳಗೆ ಮಜ್ಜಿಗೆ ನೊರೆಯಂಥದ್ದು ಅಂಟಿದ್ದರೂ ಅದೇ. ಈ ಇಂಜಿನ್‌ನಲ್ಲಿ ಟೈಮಿಂಗ್ ಚೈನ್ ಇದೆ, ಬೆಲ್ಟ್ ಅಲ್ಲ. ಆಯಿಲ್ ಸರಿಯಾಗಿ ಬದಲಾಯಿಸಿದ್ದರೆ ಅದರ ಚಿಂತೆ ಕಡಿಮೆ. ಇಂಜಿನ್ ಬೋರಿಗೆ ಬಂದಿದ್ದರೆ, ಅಂದರೆ ಸಿಲಿಂಡರ್ ಒಳಗೇ ಸವೆದಿದ್ದರೆ ಮಾತ್ರ ನಾನೇ ಹೇಳುತ್ತೇನೆ, ದುಡ್ಡು ಹಾಕಬೇಡಿ.

ಇನ್ನು ನಿಮ್ಮ ತಂದೆಯವರ ಮಂಡಿ. ಕ್ಲಚ್ ಪ್ಲೇಟ್ ಸವೆದಂತೆ ಪೆಡಲ್ ಗಟ್ಟಿಯಾಗುತ್ತಾ ಹೋಗುತ್ತದೆ. ನಿಮ್ಮ ಗಾಡಿಯಲ್ಲಿ ಕ್ಲಚ್ ಕೇಬಲ್ ಇದೆ, ಅದೂ ಒಣಗಿ ಬಿಗಿಯಾಗುತ್ತದೆ. ಇದು ಒಂದೇ ದಿನದಲ್ಲಿ ಆಗುವುದಿಲ್ಲ, ಹಾಗಾಗಿ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ, ಕಾಲಿಗೇ ವಯಸ್ಸಾಯ್ತು ಅಂದುಕೊಳ್ಳುತ್ತಾರೆ. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್, ಕೇಬಲ್ ನಾಲ್ಕೂ ಒಟ್ಟಿಗೆ ಹಾಕಿಸಿ. ಗೇರ್‌ಬಾಕ್ಸ್ ಇಳಿಸುವ ಕೂಲಿ ಒಂದೇ ಸಲ. ಹಾಕಿದ ಮೇಲೆ ಪೆಡಲ್ ಎಷ್ಟು ಹಗುರ ಆಗುತ್ತದೆ ಅಂತ ಅವರೇ ಹೇಳುತ್ತಾರೆ.

ಉಡುಪಿಯವ, ಈಗ ಬಾಣಸವಾಡಿ

ಬಾಡಿ ಬಗ್ಗೆ ನಾನು ಸೇರಿಸುತ್ತೇನೆ. ನಮ್ಮ ಕರಾವಳಿಯಲ್ಲಿ ಉಪ್ಪು ಗಾಳಿಗೆ ಗಾಡಿ ತಳದಿಂದ ಹೋಗುತ್ತದೆ. ಬೆಂಗಳೂರಿನ ಹವೆಗೆ ತುಕ್ಕು ನಿಧಾನ, ಅದು ನಿಮ್ಮ ಅದೃಷ್ಟ. ಆದರೂ ಲಿಫ್ಟ್ ಮೇಲೆ ಎತ್ತಿಸಿ ಕಣ್ಣಾರೆ ನೋಡಿ. ಬಾಗಿಲ ಕೆಳಗಿನ ಉದ್ದ ಪಟ್ಟಿಯನ್ನು, ರನ್ನಿಂಗ್ ಬೋರ್ಡ್ ಅನ್ನುತ್ತಾರಲ್ಲ, ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಇದ್ದ ಕಡೆ ಠಣ್ ಅನ್ನುತ್ತದೆ. ತುಕ್ಕು ತಿಂದ ಕಡೆ ಸದ್ದು ಸತ್ತಿರುತ್ತದೆ, ತುದಿಯಿಂದ ಒತ್ತಿದರೆ ಪದರ ಪದರವಾಗಿ ಉದುರುತ್ತದೆ. ಬಾಗಿಲ ಅಡಿಯಲ್ಲಿ ನೀರು ಹೋಗಲು ಸಣ್ಣ ತೂತು ಇರುತ್ತವೆ. ಅವು ಮಣ್ಣು ಕಟ್ಟಿದ್ದರೆ ಮಳೆ ನೀರು ಒಳಗೇ ನಿಲ್ಲುತ್ತದೆ. ಒಳಗಡೆ ಮ್ಯಾಟ್ ಎತ್ತಿ, ಕೆಳಗಿನ ಫೆಲ್ಟ್ ಒದ್ದೆ ಇದೆಯಾ ಮುಟ್ಟಿ ನೋಡಿ.

ಮುಂದಿನ ಶಾಕ್ ಅಬ್ಸಾರ್ಬರ್ ಮೇಲ್ತುದಿ ಬಾಡಿಗೆ ಸೇರುವ ಜಾಗ ಬಾನೆಟ್ ತೆಗೆದರೆ ಕಾಣುತ್ತದೆ. ಅಲ್ಲಿ ತುಕ್ಕು ಅಥವಾ ಬಿರುಕು ಇದ್ದರೆ ಅದಕ್ಕೆ ವೆಲ್ಡಿಂಗ್ ಹೊಡೆಸಿ ಹೆದ್ದಾರಿಗೆ ಇಳಿಯುವುದು ಬೇಡವೇ ಬೇಡ.

ಗಿರಿನಗರದ ಮಗಳು

ಶನಿವಾರ ಅಪ್ಪನನ್ನೂ ಅಣ್ಣನನ್ನೂ ಕರೆದುಕೊಂಡು ಹೋಗಿ ಎಲ್ಲ ನೋಡಿಸಿದೆವು. ಕಂಪ್ರೆಶನ್ ಮೂರರಲ್ಲೂ ಸಮ ಬಂತು. ನೀಲಿ ಹೊಗೆ ಇಲ್ಲ. ಬಾಗಿಲ ತೂತುಗಳಲ್ಲಿ ಮಣ್ಣಿತ್ತು, ಕಡ್ಡಿಯಿಂದ ತೆಗೆಸಿದೆ. ಹಿಂದಿನ ಚಕ್ರದ ಒಳಗೆ ಸ್ವಲ್ಪ ಮೇಲ್ತುಕ್ಕು ಇದೆ, ರನ್ನಿಂಗ್ ಬೋರ್ಡ್ ಗಟ್ಟಿಯಾಗಿದೆ. ಒಂದು ವಿಷಯ ಮಾತ್ರ ಎಸ್ಟಿಮೇಟ್‌ನಲ್ಲಿ ಇರಲೇ ಇಲ್ಲ. ಹಿಂದಿನ ಬಲಗಡೆ ಬ್ರೇಕ್ ಡ್ರಮ್ ತೆಗೆದಾಗ ಬ್ರೇಕ್ ಶೂ ತಳ್ಳುವ ವೀಲ್ ಸಿಲಿಂಡರ್‌ನಿಂದ ಬ್ರೇಕ್ ಆಯಿಲ್ ಒಸರುತ್ತಿತ್ತು. ಬ್ರೇಕ್ ಶೂ ಎಲ್ಲ ಒದ್ದೆ. ಪೇಂಟ್ ಎಲ್ಲಿ ಹೋಗಿದೆ ಅಂತ ಬರೆದುಕೊಂಡವರು ಇದನ್ನು ನೋಡಿಯೇ ಇರಲಿಲ್ಲ. ನನಗೆ ನಿಜಕ್ಕೂ ಭಯ ಆಯ್ತು.

ಕೆಂಗೇರಿ ಗ್ಯಾರೇಜ್

ಅದನ್ನು ಇವತ್ತೇ ಮಾಡಿಸಿ. ಎರಡೂ ಕಡೆ ವೀಲ್ ಸಿಲಿಂಡರ್, ಬ್ರೇಕ್ ಶೂ, ಮುಂದಿನ ಎರಡು ಬ್ರೇಕ್ ಹೋಸ್, ಹೊಸ ಬ್ರೇಕ್ ಆಯಿಲ್. ಪೇಂಟಿಂಗ್ ಬಿಟ್ಟುಬಿಡಿ, ಆ ದುಡ್ಡು ಇದಕ್ಕೆ ಬರಲಿ. ಹಳೆಯ ಗಾಡಿಗೆ ಖರ್ಚು ಮಾಡುವಾಗ ಕ್ರಮ ಹೀಗಿರಬೇಕು: ನಿಲ್ಲಿಸುವುದು, ತಿರುಗಿಸುವುದು, ಆಮೇಲೆ ಓಡಿಸುವುದು. ಎಸಿ ಅದರ ನಂತರ. ಅಂದ ಕೊನೆಗೆ.

ಹಾಗೇ ಪೆಟ್ರೋಲ್ ಹೋಸ್‌ಗಳನ್ನೂ ಹಾಕಿಸಿ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ 20 ಪರ್ಸೆಂಟ್ ಎಥನಾಲ್. 2023ರ ಏಪ್ರಿಲ್ ನಂತರದ ಗಾಡಿಗಳನ್ನು ಅದಕ್ಕೆ ತಕ್ಕ ಹಾಗೆ ಮಾಡಿದ್ದಾರೆ. ಹಳೆಯವುಗಳಲ್ಲಿ ರಬ್ಬರ್ ಹೋಸ್, ಸೀಲ್ ಬೇಗ ಗಡುಸಾಗಿ ಸೀಳಬಹುದು. ದೊಡ್ಡ ಖರ್ಚಲ್ಲ. ಪೆಟ್ರೋಲ್ ವಾಸನೆ ಬಂದರೆ ಗಾಡಿ ಓಡಿಸಬೇಡಿ.

ಜೆ.ಸಿ. ರಸ್ತೆ ಹಳಬ

ಸಾಮಾನು ನೀವೇ ತಂದುಕೊಟ್ಟರೆ ಸ್ವಲ್ಪ ಉಳಿಯುತ್ತದೆ. ಜೆ.ಸಿ. ರಸ್ತೆಯಲ್ಲಿ ಈ ಗಾಡಿಯ ಎಲ್ಲ ಸಾಮಾನೂ ಸಿಗುತ್ತವೆ, ಇಷ್ಟು ಸಾಮಾನ್ಯ ಗಾಡಿ ಇಟ್ಟುಕೊಳ್ಳುವುದರ ದೊಡ್ಡ ಲಾಭ ಅದೇ. ಸ್ಪೇರ್ ಸಿಗದ ಗಾಡಿಯಾಗಿದ್ದರೆ ನಾನು ಮಾರಿ ಅನ್ನುತ್ತಿದ್ದೆ. ಬ್ರೇಕ್, ಸ್ಟೀರಿಂಗ್, ಕ್ಲಚ್ ಸಾಮಾನಿನಲ್ಲಿ ಡೂಪ್ಲಿಕೇಟ್ ಬೇಡ, ಬಿಲ್ ಹಾಕಿಸಿಕೊಂಡು ಒರಿಜಿನಲ್ಲೇ ತನ್ನಿ. ಬಾಗಿಲ ಹಿಡಿ, ಕನ್ನಡಿ, ಬಂಪರ್ ಥರದ್ದು ಬೇಕಾದರೆ ಗುಜರಿಯಲ್ಲಿ ಹುಡುಕಬಹುದು, ತೊಂದರೆ ಇಲ್ಲ.

ಟೈರ್ ತೆಗೆದುಕೊಳ್ಳುವಾಗ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ನೋಡಿ. 2325 ಅಂದರೆ 2025ರ 23ನೇ ವಾರ ತಯಾರಾದದ್ದು. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಟೈರ್ ಹೊಸದಲ್ಲ.

ಮಲ್ಲೇಶ್ವರದ ಅಮ್ಮ

ಗಾಡಿಯ ಸ್ಥಿತಿ ಚೆನ್ನಾಗಿದೆ ಅಂತ ಕೇಳಿ ಸಂತೋಷ. ಆದರೂ ಹೆದ್ದಾರಿಯ ಮಾತು ಹಾಗೇ ಉಳಿಯಿತು. ಇನ್ನೊಂದು, ತಂದೆಯವರ ಡಿಎಲ್ ಯಾವಾಗ ಮುಗಿಯುತ್ತದೆ? 55 ದಾಟಿದವರಿಗೆ 5 ವರ್ಷಕ್ಕೊಮ್ಮೆ ನವೀಕರಣ, ಡಾಕ್ಟರ್ ಸಹಿ ಮಾಡಿದ ಫಾರ್ಮ್ 1ಎ ಬೇಕು. ಹೊಸ ಗಾಡಿಗೆ 5 ವರ್ಷದ ಸಾಲ ಮಾಡುವುದಾದರೆ ಆಗ ಅದನ್ನು ಓಡಿಸುವವರು ಯಾರು ಅಂತಲೂ ಮನೆಯಲ್ಲಿ ಕೂತು ಮಾತಾಡಿ. ಇದು ಹೇಳಲು ಕಷ್ಟದ ಮಾತು, ನಮ್ಮ ಮಾವನವರ ಹತ್ತಿರ ನಾವೂ ಮಾತಾಡಿದ್ದೇವೆ. ಅವರ ಮುಂದೆಯೇ, ಅವರನ್ನೇ ಕೇಳಿ. ಅವರ ಬೆನ್ನ ಹಿಂದೆ ನಿರ್ಧಾರ ಮಾಡಿ ಕೀ ಎತ್ತಿಡಬೇಡಿ.

ಜೆ.ಪಿ. ನಗರ ನಿವಾಸಿ

ದೆಹಲಿ ನಿಯಮದ ವಿಷಯ ತಿಳಿಸಿದ್ದಕ್ಕೆ ವಿಜಯನಗರದವರಿಗೆ ಧನ್ಯವಾದ. ಮುಂದೆ ಯಾವತ್ತಾದರೂ ಗುಜರಿಗೆ ಹಾಕುವುದಾದರೆ ಹೇಗೆ?

ವಿಜಯನಗರದಿಂದ

ರಸ್ತೆ ಬದಿ ಗುಜರಿಗೆ ಗಾಡಿ ಕೊಟ್ಟು ದುಡ್ಡು ಎಣಿಸಿಕೊಂಡು ಬರಬೇಡಿ. ಆರ್‌ಸಿ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ನಂಬರ್ ಯಾರ ಕೈಗೋ ಹೋಗಿ ಇನ್ನೊಂದು ಗಾಡಿಗೆ ಅಂಟಿದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಡಿ. ಅವರು ಕೊಡುವ ಸರ್ಟಿಫಿಕೇಟ್ ಆಫ್ ಡಿಪಾಸಿಟ್ ಇದ್ದರೆ ಹೊಸ ಗಾಡಿಯ ನೋಂದಣಿ ಶುಲ್ಕ ಇರುವುದಿಲ್ಲ. ಖಾಸಗಿ ಗಾಡಿಗೆ ಟ್ಯಾಕ್ಸ್‌ನಲ್ಲಿ 25 ಪರ್ಸೆಂಟ್ ವರೆಗೆ ರಿಯಾಯಿತಿಗೂ ಕೇಂದ್ರದ ನಿಯಮದಲ್ಲಿ ಅವಕಾಶ ಇದೆ.

ಮಾರುವುದಾದರೂ ಅಷ್ಟೇ. ಮಾಲೀಕರ ಹೆಸರು ಬದಲಾಯಿಸುವ ಫಾರ್ಮ್ 29, 30ಕ್ಕೆ ಸಹಿ ಹಾಕಿದರೆ ಮುಗಿಯಲಿಲ್ಲ, ಹೆಸರು ಬದಲಾಗಿದೆಯಾ ಅಂತ ಪರಿವಾಹನ್ ಜಾಲತಾಣದಲ್ಲಿ ನೋಡುವವರೆಗೆ ಹಿಂದೆ ಬೀಳಬೇಕು. ಇನ್ಶೂರೆನ್ಸ್‌ನ ನೋ ಕ್ಲೈಮ್ ಬೋನಸ್ ಗಾಡಿಯದ್ದಲ್ಲ, ಮಾಲೀಕರದ್ದು. 50 ಪರ್ಸೆಂಟ್ ವರೆಗೂ ಇರುತ್ತದೆ. ಮಾರುವಾಗ ಕಂಪನಿಯಿಂದ ಅದರ ಪತ್ರ ತೆಗೆದುಕೊಂಡರೆ ಮೂರು ವರ್ಷದೊಳಗೆ ಹೊಸ ಗಾಡಿಗೆ ಹಾಕಿಸಬಹುದು. ಇದನ್ನು ಸುಮ್ನೆ ಕಳೆದುಕೊಳ್ಳುವವರೇ ಜಾಸ್ತಿ.

ಗಿರಿನಗರದ ಮಗಳು

ನಿನ್ನೆ ರಾತ್ರಿ ಊಟ ಆದ ಮೇಲೆ ಎಲ್ಲರೂ ಕೂತು ಮಾತಾಡಿದೆವು. ಗಾಡಿ ಇಟ್ಟುಕೊಳ್ಳುತ್ತೇವೆ. ಬ್ರೇಕ್ ಕೆಲಸ ಆಗಿಹೋಗಿದೆ. ಕ್ಲಚ್, ಸಸ್ಪೆನ್ಶನ್, ಟೈರ್, ಪೆಟ್ರೋಲ್ ಹೋಸ್ ಈ ವಾರ. ಎಸಿ ಬೇಸಿಗೆ ಹೊತ್ತಿಗೆ ನೋಡೋಣ ಅಂದರು ಅಮ್ಮ. ಪೇಂಟಿಂಗ್ ಇಲ್ಲ.

ಊರಿಗೆ ಮಾತ್ರ ಈ ಗಾಡಿಯಲ್ಲಿ ಹೋಗುವುದಿಲ್ಲ. ಇದನ್ನು ಹೇಳಿದ್ದು ಅಪ್ಪನೇ. ಯಶವಂತಪುರದಿಂದ ಕುಣಿಗಲ್, ಶ್ರವಣಬೆಳಗೊಳ ಮೇಲೆ ಹಾಸನಕ್ಕೆ ರೈಲಿದೆ, ಅಲ್ಲಿಂದ ಚಿಕ್ಕಪ್ಪ ಬಂದು ಕರೆದುಕೊಂಡು ಹೋಗುತ್ತಾರೆ. ಸಾಮಾನು ಜಾಸ್ತಿ ಇದ್ದರೆ ಬಾಡಿಗೆ ಕಾರು. ವರ್ಷಕ್ಕೆ ಕೆಲವೇ ಸಲದ ಓಡಾಟಕ್ಕೆ 5 ಲಕ್ಷ ಸಾಲ ಬೇಡ ಅಂತ ಅಣ್ಣನೂ ಒಪ್ಪಿದ. ಇಎಂಐಗೆ ಕೊಡೋಣ ಅಂದುಕೊಂಡಿದ್ದ ದುಡ್ಡಿನಲ್ಲಿ ಅರ್ಧವನ್ನು ಪ್ರತಿ ತಿಂಗಳು ಆರ್‌ಡಿಗೆ ಹಾಕುತ್ತೇವೆ. ಇಂಜಿನ್ ಅಥವಾ ಬಾಡಿ ಕೈಕೊಟ್ಟರೆ, ಇಲ್ಲವೇ ಹೊಸ ಕ್ಲಚ್ ಹಾಕಿದ ಮೇಲೂ ಅಪ್ಪನ ಮಂಡಿಗೆ ಕಷ್ಟ ಆದರೆ, ಆ ದುಡ್ಡಿನಲ್ಲಿ ಎರಡು ಏರ್‌ಬ್ಯಾಗ್ ಇರುವ ಆಟೋಮ್ಯಾಟಿಕ್ ಗಾಡಿ ತೆಗೆದುಕೊಳ್ಳುತ್ತೇವೆ. ಎಲ್ಲರಿಗೂ ಮನಸಾರೆ ಧನ್ಯವಾದ. ಬ್ಯಾಂಕಿನಿಂದ ಎನ್‌ಒಸಿ ಬಂದ ಕೂಡಲೇ ಆರ್‌ಟಿಒ ಕೆಲಸಕ್ಕೆ ಹೋಗುತ್ತೇನೆ.

ವಿಜಯನಗರದಿಂದ

ಒಳ್ಳೆಯದಾಯ್ತು. ಎನ್‌ಒಸಿ ಕೈಗೆ ಬಂದಾಗ ಅದರ ತಾರೀಖು ನೋಡಿಕೊಳ್ಳಿ. ಅದು ಮೂರು ತಿಂಗಳಷ್ಟೇ ಚಾಲ್ತಿಯಲ್ಲಿರುತ್ತದೆ, ಅಷ್ಟರೊಳಗೆ ಎಚ್‌ಪಿ ತೆಗೆಸಿ. ಚಾಸಿ ನಂಬರಿನ ಒಂದೊಂದು ಅಂಕಿಯನ್ನೂ ಆರ್‌ಸಿ ಪಕ್ಕ ಇಟ್ಟು ತಾಳೆ ನೋಡಿ. ತಪ್ಪಿದ್ದರೆ ಬ್ಯಾಂಕಿನಲ್ಲೇ ತಿದ್ದಿಸಿಕೊಂಡು ಬನ್ನಿ.